ಸರ್ಕಾರದ ಮನೆ, ಪೂರ್ವಜರ ಮನೆ: ಮಾವೋರಿ ಸಾಹಿತ್ಯದಲ್ಲಿ ವಸತಿಯ ವಿಚಾರ

ಕನ್ನಡದಲ್ಲಿ ಮನೆಯೆಂಬುದು ಕಟ್ಟಡದ ಹೆಸರೂ ಹೌದು, ಅದರಲ್ಲಿ ಬಾಳುವವರ ಹೆಸರೂ ಹೌದು. ‘ಮನೆಯವರು’, ‘ಮನೆತನ’, ‘ಮನೆವಾರ್ತೆ’ ಎಂಬ ಮಾತುಗಳಲ್ಲಿ ಗೋಡೆ ಛಾವಣಿಗಳ ಸುಳಿವೇ ಇಲ್ಲ. ಇರುವುದು ಜನ, ಅವರ ಪರಂಪರೆ, ಅವರ ವ್ಯವಹಾರ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ನುಡಿಯಲ್ಲಿ ಈ ಸಂಬಂಧವು ಇನ್ನೂ ಗಾಢವಾದುದು. ಅವರ ‘ಕಾಯಿಂಗ’ ಎಂಬ ಮಾತಿಗೆ ಮನೆಯೆಂದೂ ಅರ್ಥ, ಊರೆಂದೂ ಅರ್ಥ. ಊರಿನ ಮಧ್ಯದ ಮರಾಯೆ ಎಂಬ ಅಂಗಳಕ್ಕೆ ಮುಖವಾಗಿ ನಿಂತಿರುವ ‘ಫರೆನುಯಿ’ ಎಂಬ ಸಭಾಗೃಹವಂತೂ ಸಾಮಾನ್ಯವಾಗಿ ಒಬ್ಬ ಪೂರ್ವಜನ ಹೆಸರನ್ನು ಹೊತ್ತು, ಆತನ ದೇಹವೆಂದೇ ಭಾವಿಸಲ್ಪಡುತ್ತದೆ. ಮುಂಗಡೆಯ ತುದಿಯಲ್ಲಿರುವ ಕೆತ್ತನೆ ಆತನ ಶಿರಸ್ಸು, ಇಳಿಜಾರಿನ ಎರಡು ಹಲಗೆಗಳು ಚಾಚಿದ ತೋಳುಗಳು, ನಡುತೊಲೆ ಬೆನ್ನೆಲುಬು, ಜಂತೆಗಳು ಪಕ್ಕೆಲುಬುಗಳು. ಒಳಗೆ ಹೋಗುವವನು ಹಿರಿಯನ ಎದೆಯೊಳಕ್ಕೆ ಹೋಗುತ್ತಾನೆ.

ಮನೆಯನ್ನು ಹೀಗೆ ಶರೀರವೆಂದು ಓದುವ ಜನಾಂಗಕ್ಕೆ, ಮನೆಯನ್ನು ಕೋಣೆಗಳ ಸಂಖ್ಯೆಯೆಂದು ಓದುವ ಸರ್ಕಾರವು ವಸತಿಯನ್ನು ಒದಗಿಸಹೊರಟಾಗ ನಡೆದುದೇನು? ಈ ಪ್ರಶ್ನೆಯನ್ನು ಚರಿತ್ರಕಾರರೂ ನ್ಯಾಯಮಂಡಲಿಯೂ ವಿಚಾರಮಾಡಿದ್ದಾರೆ. ಸಾಹಿತ್ಯವನ್ನು ಬೋಧಿಸುವವರು ಮಾತ್ರ ಇದನ್ನು ತಮ್ಮ ವಿಷಯವೆಂದು ಎಣಿಸಿದಂತೆ ತೋರುವುದಿಲ್ಲ. ಪೆಟ್ರೀಷಿಯಾ ಗ್ರೇಸ್ ಅವರ ‘ಪೋತಿಕಿ’ (1986), ಅಲನ್ ಡಫ್ ಅವರ ‘ವನ್ಸ್ ವರ್ ವಾರಿಯರ್ಸ್’ (1990) ಎಂಬೆರಡು ಕಾದಂಬರಿಗಳು ದೇಶಾಂತರದ ವಿದ್ಯಾಪೀಠಗಳಲ್ಲಿಯೂ ಪಠ್ಯಗಳಾಗಿವೆ. ಒಂದನ್ನು ಪುರಾಣದ ಛಾಯೆಗಾಗಿ, ಇನ್ನೊಂದನ್ನು ಅದರ ಉಗ್ರತೆಗಾಗಿ ಓದುವುದು ವಾಡಿಕೆ. ಆದರೆ ಎರಡರ ವಸ್ತುವೂ ಮನೆಯೇ. ವಸತಿಯ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದದಿದ್ದರೆ ಎರಡೂ ಅರ್ಧ ಮಾತ್ರ ತಿಳಿಯುವ ಕೃತಿಗಳು.

ಆ ಚರಿತ್ರೆಯ ಆರಂಭವು ಒಂದು ಉತ್ಸವದಂತಿದೆ. 1937ರಲ್ಲಿ ವೆಲಿಂಗ್ಟನ್ ನಗರದ ಮಿರಮಾರ್ ಎಂಬಲ್ಲಿ ಸರ್ಕಾರವು ಕಟ್ಟಿಸಿದ ಮೊದಲ ಬಾಡಿಗೆಯ ಮನೆಗೆ ಸಂಸಾರವೊಂದು ಬಂದಾಗ, ಪ್ರಧಾನಮಂತ್ರಿ ಸ್ಯಾವೇಜ್ ಅವರೇ ಊಟದ ಮೇಜಿಗೆ ಕೈಕೊಟ್ಟು ಒಳಕ್ಕೆ ಸಾಗಿಸಿದರು. ಗಟ್ಟಿಯಾದ, ಗಾಳಿಬೆಳಕಿನ, ಹಿತ್ತಲುಳ್ಳ ಮನೆಗಳು ಅವು. ತಂದೆ, ತಾಯಿ, ಇಬ್ಬರು ಮೂವರು ಮಕ್ಕಳು ಎಂಬ ಲೆಕ್ಕಕ್ಕೆ ಅಳೆದು ಮಾಡಿದವು. ಆ ಸಾಲಿನಲ್ಲಿ ಮಾವೋರಿಗಳಿಗೆ ಸ್ಥಳವಿರಲಿಲ್ಲ. ಅವರಿಗಾಗಿ 1935ರಲ್ಲಿ ಬೇರೊಂದು ಶಾಸನವಾಗಿತ್ತು. ಬಾಡಿಗೆಯ ಮನೆಗಳಿಗೆ ಅವರು ಅರ್ಹರೆಂದು ನಡೆಯಲ್ಲಿ ಒಪ್ಪಿಕೊಂಡದ್ದು 1940ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಜನ ಹಳ್ಳಿಗಳನ್ನು ಬಿಟ್ಟು ಪಟ್ಟಣಗಳಿಗೆ ಹೊರಟಿದ್ದರು. 1945ರಲ್ಲಿ ಮಾವೋರಿಗಳಲ್ಲಿ ಪಟ್ಟಣವಾಸಿಗಳು ನೂರಕ್ಕೆ ಸುಮಾರು 26 ಮಂದಿ. 1986ರ ಹೊತ್ತಿಗೆ ಸುಮಾರು 80 ಮಂದಿ. ಒಂದು ಮನುಷ್ಯಾಯುಷ್ಯದೊಳಗೆ ಒಂದು ಜನಾಂಗವೇ ಸ್ಥಳ ಬದಲಾಯಿಸಿತು. ಬಂದವರನ್ನು ಒಂದೆಡೆ ನೆಲೆಗೊಳಿಸದೆ ಬಿಳಿಯರ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದರಿಸಬೇಕೆಂಬುದು ಇಲಾಖೆಯವರ ನೀತಿಯಾಯಿತು. ಅನ್ನದ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಎಂಬರ್ಥದ ಹೆಸರನ್ನೇ ಅದಕ್ಕೆ ಕೊಟ್ಟಿದ್ದರು. ಮನಸ್ಸಿನಲ್ಲಿ ಕೇಡಿಲ್ಲದೆಯೂ ಒಂದು ಜನದ ಒಗ್ಗಟ್ಟನ್ನು ಬಿಡಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಕೇಡಿಲ್ಲವೆಂದು ಹೇಳಲಾಗದ ಪ್ರಸಂಗವೂ ಒಂದುಂಟು. ಆಕ್ಲೆಂಡಿನ ಓಕಾಹು ಕೊಲ್ಲಿಯ ದಡದಲ್ಲಿ ಓರಾಕೈಯ ನ್ಗಾತಿ ಫಾತುವಾ ಕುಲದವರ ಊರಿತ್ತು. ಶತಮಾನದ ಆದಿಯಲ್ಲೇ ನಗರದ ಚರಂಡಿಯ ಕೊಳವೆಯನ್ನು ಆ ಊರಿನ ಮುಂದೆಯೇ ಕಡಲಿಗೆ ಬಿಟ್ಟು, ಅವರು ಆಯ್ದು ತಿನ್ನುತ್ತಿದ್ದ ಚಿಪ್ಪುಮೀನಿನ ತೀರವನ್ನು ಕೆಡಿಸಿದ್ದರು. 1951–52ರಲ್ಲಿ ಸರ್ಕಾರವು ಉಳಿದ ನೆಲವನ್ನು ವಶಪಡಿಸಿಕೊಂಡು, ಮನೆಗಳನ್ನೂ ಸಭಾಗೃಹವನ್ನೂ ಕೆಡವಿ ಸುಟ್ಟು, ಜನರನ್ನು ಮೇಲಣ ಗುಡ್ಡದ ಸರ್ಕಾರಿ ಮನೆಗಳಿಗೆ ಬಾಡಿಗೆದಾರರನ್ನಾಗಿ ಕಳುಹಿಸಿತು. ಪ್ರಾರ್ಥನಾಮಂದಿರವೂ ರುದ್ರಭೂಮಿಯೂ ಮಾತ್ರ ಕೆಳಗೆ ಉಳಿದವು. ಹೊಸ ಮನೆಗಳು ಹಳೆಯವಕ್ಕಿಂತ ಬೆಚ್ಚಗಿದ್ದುವೆಂಬುದು ಸರ್ಕಾರದ ಪಕ್ಷದಲ್ಲಿ ಹೇಳಬಹುದಾದ ಮಾತು. ಆದರೆ ಮಾವೋರಿಗಳಲ್ಲಿ ನೆಲದ ಹಕ್ಕನ್ನು ಸೂಚಿಸುವ ಮಾತು ‘ಅಹಿ ಕಾ’. ಉರಿಯುತ್ತಿರುವ ಬೆಂಕಿ ಎಂದರ್ಥ. ಒಲೆಯಾರದಂತೆ ನೋಡಿಕೊಂಡವರದೇ ಆ ನೆಲ. ಮನೆಯಲ್ಲಿ ದೀಪ ಹಚ್ಚುವವರಿಲ್ಲದಂತಾಯಿತು ಎಂದು ಮರುಗುವ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಓರಾಕೈಯಲ್ಲಿ ಒಲೆಯನ್ನು ಆರಿಸಿದ್ದು ಮಾತ್ರವಲ್ಲ, ಆ ಕೆಲಸಕ್ಕೆ ಬೆಂಕಿಯನ್ನೇ ಉಪಯೋಗಿಸಿದರು.

ಸಾಹಿತ್ಯದ ಬೋಧಕರಿಗೆ ಎಲ್ಲಕ್ಕಿಂತ ಹತ್ತಿರವಾದ ಪ್ರಸಂಗವು 1964ರದು. ಆ ವರ್ಷ ವಿದ್ಯಾಭ್ಯಾಸದ ಇಲಾಖೆಯವರು ಶಾಲಾಮಕ್ಕಳಿಗಾಗಿ ‘ವಾಷ್‌ಡೇ ಅಟ್ ದ ಪಾ’ ಎಂಬ ಸಣ್ಣ ಸಚಿತ್ರ ಪುಸ್ತಕವನ್ನು ಪ್ರಕಟಿಸಿದರು. ಚಿತ್ರವೂ ಬರಹವೂ ಹಾಲೆಂಡಿನಿಂದ ಬಂದು ನೆಲಸಿದ ಛಾಯಾಚಿತ್ರಗಾರ್ತಿ ಆನ್ಸ್ ವೆಸ್ಟ್ರಾ ಅವರವು. ಒಂಬತ್ತು ಮಕ್ಕಳ ಒಂದು ಮಾವೋರಿ ಸಂಸಾರ, ಹಳ್ಳಿಯ ಹಳೆಯ ಮನೆ, ಬಟ್ಟೆ ಒಗೆಯುವ ದಿನ, ಇಷ್ಟೇ ವಸ್ತು. ಚಿತ್ರಗಳಲ್ಲಿ ನಗುವಿದೆ, ಅಕ್ಕರೆಯಿದೆ. ಆದರೆ ಮಾವೋರಿ ಮಹಿಳೆಯರ ಕ್ಷೇಮಾಭಿವೃದ್ಧಿ ಸಂಘವು ಇದನ್ನು ಬಲವಾಗಿ ಆಕ್ಷೇಪಿಸಿತು. ಮಂತ್ರಿಗಳ ಆಜ್ಞೆಯಂತೆ ಶಾಲೆಗಳಿಂದ 38,000 ಪ್ರತಿಗಳನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷ ಖಾಸಗಿ ಪ್ರಕಾಶಕರು ಅದನ್ನು ಮತ್ತೆ ಅಚ್ಚು ಹಾಕಿಸಿದರು. ಕಲೆಯ ಸ್ವಾತಂತ್ರ್ಯಕ್ಕೂ ಸಂಘದ ಅಸಹನೆಗೂ ನಡೆದ ಕದನವೆಂದು ಈ ಪ್ರಸಂಗವನ್ನು ವರ್ಣಿಸುವವರಿದ್ದಾರೆ. ಇದು ಸಾಲದ ವಿಮರ್ಶೆ. ಆಕ್ಷೇಪಿಸಿದ ಸಂಘವು ಯಾವುದೆಂಬುದನ್ನು ಮೊದಲು ನೋಡಬೇಕು. 1951ರಲ್ಲಿ ಫೀನಾ ಕೂಪರ್ ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಆ ಸಂಘದ ಹೆಂಗಸರು, ಮರುವರ್ಷವೇ ಆಕ್ಲೆಂಡಿನಲ್ಲಿ ಮನೆಮನೆಗೂ ಹೋಗಿ, ತಮ್ಮವರು ವಾಸಿಸುತ್ತಿದ್ದ ಮುರುಕು ಕೋಣೆಗಳನ್ನು ಎಣಿಸಿ ಇಲಾಖೆಯ ಮುಂದಿಟ್ಟವರು. ಬಡತನವನ್ನು ಬಚ್ಚಿಡಬೇಕೆಂಬುದು ಅವರ ಹಟವಾಗಿದ್ದಿತೆಂದು ಹೇಳುವಂತಿಲ್ಲ. ತಾವು ಬೇಡಿಕೆಯೊಡನೆ ತೋರಿಸಿದ ಅದೇ ಮನೆಯು ಪಠ್ಯಪುಸ್ತಕದಲ್ಲಿ ಬೇಡಿಕೆಯಿಲ್ಲದೆ, ಕಾರಣವಿಲ್ಲದೆ, ಒಂದು ಜನಾಂಗದ ಸಹಜಸ್ಥಿತಿಯೆಂಬಂತೆ ದೇಶದ ಮಕ್ಕಳೆಲ್ಲರ ಕೈಗೆ ಹೋಗುತ್ತದೆಂಬುದು ಅವರ ದುಃಖ. ಒಲೆಯ ಮೇಲೆ ಕಾಲಿಟ್ಟು ನಿಂತ ಮಗುವಿನ ಚಿತ್ರವಂತೂ, ಆಹಾರದ ಸ್ಥಾನವನ್ನು ದೇಹದಿಂದ ಬೇರೆಯಾಗಿಡುವ ಅವರ ಆಚಾರಕ್ಕೆ ನೇರವಾದ ಪೆಟ್ಟಾಗಿತ್ತು. ಚಿತ್ರಕಾರ್ತಿಯ ಕಣ್ಣಿನಲ್ಲಿ ಪ್ರೀತಿಯಿದ್ದುದು ನಿಜ; ಆ ಕಣ್ಣಿಗೆ ಮನೆಯ ನಿಯಮ ತಿಳಿದಿರಲಿಲ್ಲವೆಂಬುದೂ ನಿಜ. ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡದ್ದು ಸರಿಯೆ ಎಂಬುದು ಬೇರೆ ಚರ್ಚೆ. ಅಚ್ಚಿಗೆ ಕೊಡುವ ಮುನ್ನ ಸಂಘವನ್ನು ಕೇಳಬೇಕಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

‘ಪೋತಿಕಿ’ಯು ಸರ್ಕಾರಿ ವಸತಿಯ ಕಥೆಯಲ್ಲ. ಕಡಲ ದಡದ ಒಂದು ಮಾವೋರಿ ಊರನ್ನು ವಿಹಾರಸ್ಥಳವನ್ನಾಗಿ ಮಾಡಬಯಸುವ ಬಂಡವಾಳಗಾರರಿಗೂ ಊರವರಿಗೂ ನಡೆಯುವ ಹೋರಾಟ ಅದರ ವಸ್ತು. ಆದರೂ ವಸತಿಯನ್ನು ಕುರಿತ ಚಿಂತನೆಗೆ ಅದಕ್ಕಿಂತ ಉಪಯುಕ್ತವಾದ ಗ್ರಂಥ ಮತ್ತೊಂದಿಲ್ಲ. ಹಣದವರ ಪ್ರತಿನಿಧಿಯು ಊರಿನ ಸಭಾಗೃಹವನ್ನು ಸ್ಥಳಾಂತರಿಸಬಹುದೆಂದು ಸೂಚಿಸುತ್ತಾನೆ. ಆತನ ಭಾಷೆಯಲ್ಲಿ ಅದು ಕಟ್ಟಡ, ಆದುದರಿಂದ ಎತ್ತಿಡಬಹುದಾದ ವಸ್ತು. ಊರವರ ಭಾಷೆಯಲ್ಲಿ ಅದು ಹಿರಿಯನ ದೇಹ. ಇಬ್ಬರೂ ಇಂಗ್ಲಿಷಿನಲ್ಲಿಯೇ ಮಾತನಾಡುತ್ತಾರೆ, ಒಬ್ಬರ ಮಾತು ಒಬ್ಬರಿಗೆ ಮುಟ್ಟುವುದಿಲ್ಲ. ಗ್ರಂಥಕರ್ತ್ರಿ ಮಾವೋರಿ ಶಬ್ದಗಳಿಗೆ ಅರ್ಥಕೋಶವನ್ನು ಕೊಡದೆ ಬಿಟ್ಟಿದ್ದಾರೆ. ಇದನ್ನು ಕೆಲವರು ಓದುಗನಿಗೆ ತೋರಿದ ಅನಾದರವೆಂದರು. ಅತಿಥಿಯಾಗಿ ಬಂದವನು ಮನೆಯ ಮಾತನ್ನು ತಾನೇ ಕಲಿಯಬೇಕೆಂಬ ಔಚಿತ್ಯ ಅದರಲ್ಲಿದೆಯೆಂಬುದು ಹೆಚ್ಚು ನ್ಯಾಯವಾದ ತೀರ್ಮಾನ.

ಬೆಂಕಿಗೆ ತುತ್ತಾದ ಸಭಾಗೃಹವನ್ನು ಊರವರು ನೆರೆಯ ಕುಲದವರ ನೆರವಿನಿಂದ ಮತ್ತೆ ಕಟ್ಟುತ್ತಾರೆ. ಆಗ ಅದರಲ್ಲಿ ಒಂದು ವಿಶೇಷವಾದ ಬಾಗಿಲನ್ನು ಇಡುತ್ತಾರೆ. ಹುಟ್ಟಿನಿಂದಲೇ ಅಂಗವಿಕಲನಾದ ತೋಕೋ ಎಂಬ ಬಾಲಕನು ಗಾಲಿಯ ಕುರ್ಚಿಯಲ್ಲಿ ಬರುವುದಕ್ಕಾಗಿಯೇ ಮಾಡಿದ ಬಾಗಿಲು ಅದು. ಕಾದಂಬರಿಯ ಹೃದಯವು ಇಲ್ಲಿದೆ. ನೂರಾರು ಜನರ, ಹಲವು ತಲೆಮಾರುಗಳ ಮನೆಯನ್ನು ಕಟ್ಟುವಾಗ ಒಬ್ಬ ಹುಡುಗನ ದೇಹವನ್ನು ನೆನೆದು ಗೋಡೆಯನ್ನು ತೆರೆಯುವುದು ಯಾವ ನಮೂನೆಯ ನಕ್ಷೆಯಲ್ಲಿಯೂ ಇಲ್ಲದ ಕೆಲಸ. ಆ ಬಾಗಿಲಲ್ಲಿಯೇ ತೋಕೋ ಸಾಯುತ್ತಾನೆಂಬುದು ಕಥೆಯ ದಾರುಣವಾದ ಘಟನೆ. ಕೆತ್ತನೆಗಾರನು ಹಿಂದೆ ಖಾಲಿಯಾಗಿ ಬಿಟ್ಟಿದ್ದ ಸ್ಥಾನದಲ್ಲಿ ಕೊನೆಗೆ ಆ ಬಾಲಕನ ಮೂರ್ತಿ ಸೇರುತ್ತದೆ. ಮನೆಯು ಎಂದಿಗೂ ಮುಗಿದ ವಸ್ತುವಲ್ಲ, ಬಾಳಿದವರು ಅದರಲ್ಲಿ ಸೇರುತ್ತಾ ಹೋಗುತ್ತಾರೆ ಎಂಬ ದೃಷ್ಟಿಗೆ ಇದು ಕಾವ್ಯಮಯವಾದ ನಿದರ್ಶನ. ಗುತ್ತಿಗೆದಾರನಿಂದ ಬೀಗದ ಕೈ ಪಡೆದ ದಿನವೇ ಮುಗಿದುಹೋಗುವ, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಬೇಕಾಗುವ ಬಾಡಿಗೆಯ ಮನೆಯನ್ನು ಇದರ ಎದುರಿಗೆ ಇಟ್ಟು ನೋಡಬೇಕು.

ಅಂಥ ಬಾಡಿಗೆಯ ಮನೆಯೇ ಡಫ್ ಅವರ ಕಾದಂಬರಿಯ ರಂಗಸ್ಥಳ. ಪೈನ್ ಬ್ಲಾಕ್ ಎಂಬ ಕಲ್ಪಿತ ಸರ್ಕಾರಿ ಬಡಾವಣೆ. ಬೆತ್ ಎಂಬಾಕೆಯ ಕಿಟಕಿಯಿಂದ ಕಾಣುವುದು ಬಿಳಿಯ ಸಿರಿವಂತನ ದೊಡ್ಡ ಮನೆ. ಗಂಡನ ಹೊಡೆತ, ಕುಡಿತ, ಮಗಳ ಆತ್ಮಹತ್ಯೆ. ಮಾವೋರಿಗಳ ದುಃಸ್ಥಿತಿಗೆ ಅವರೇ ಕಾರಣರೆಂದು ಡಫ್ ಬರೆದರೆಂಬ ಆಕ್ಷೇಪಣೆ ಪ್ರಕಟವಾದಂದಿನಿಂದಲೂ ಇದೆ, ಅದು ಬಹುಮಟ್ಟಿಗೆ ಸಾಧುವೂ ಆಗಿದೆ. ಆ ಬಡಾವಣೆಯು ಹೇಗೆ ಹುಟ್ಟಿತು, ಅಲ್ಲಿನವರ ನೆಲ ಎಲ್ಲಿ ಹೋಯಿತು, ಇಷ್ಟು ಸಂಸಾರಗಳನ್ನು ಒಂದು ಮರಾಯೆಯೂ ಇಲ್ಲದ ಬಯಲಿನಲ್ಲಿ ಏಕೆ ಸಾಲಾಗಿ ನಿಲ್ಲಿಸಿದರು ಎಂಬ ಪ್ರಶ್ನೆಗಳಿಗೆ ಕಾದಂಬರಿಯಲ್ಲಿ ಎಡೆ ಕಡಿಮೆ. ಮನೆಗಳ ಒಡೆಯನಾದ ಇಲಾಖೆಯು ಪಾತ್ರವಾಗಿ ಎದುರಿಗೆ ಬರುವುದೇ ಇಲ್ಲ. ಓರಾಕೈಯನ್ನು ಬಲ್ಲ ಓದುಗನು ಈ ಮೌನವನ್ನು ದೋಷವೆಂದೇ ಎಣಿಸುವನು.

ಆದರೆ ವಿಮರ್ಶಕರು ಅಷ್ಟಕ್ಕೇ ನಿಂತಿರುವುದು ಸರಿಯಲ್ಲ. ‘ಪೋತಿಕಿ’ಯ ಜನಕ್ಕೆ ಹಿಂದಿರುಗಲು ಊರಿದೆ, ಪೈನ್ ಬ್ಲಾಕಿನವರಲ್ಲಿ ಅನೇಕರಿಗೆ ಅದೂ ಇಲ್ಲ. ಪಟ್ಟಣಕ್ಕೆ ಹೋದ ಎಷ್ಟೋ ಮಂದಿಯ ಸ್ಥಿತಿ ಈ ಎರಡನೆಯದು. ಮಗಳ ಶವವನ್ನು ಬೆತ್ ಬಾಡಿಗೆಯ ಮನೆಯಲ್ಲಿರಿಸದೆ ತನ್ನ ತೌರಿನ ಮರಾಯೆಗೆ ಒಯ್ಯುತ್ತಾಳೆ. ಹಿಂದಿರುಗಿದ ಮೇಲೆ ಅವಳು ಮಾಡುವುದೇನು? ಬೀದಿಯ ಹುಡುಗರಿಗೆ ತನ್ನ ಮನೆಯ ಬಾಗಿಲನ್ನು ತೆರೆಯುತ್ತಾಳೆ, ಉಣಬಡಿಸುತ್ತಾಳೆ. ತೌರಿನ ಕುಲದ ಮುಖಂಡನನ್ನು ಬಡಾವಣೆಗೆ ಕರೆತರುತ್ತಾಳೆ. ಇಲಾಖೆಯ ಲೆಕ್ಕದಲ್ಲಿ ಒಂದು ಸಂಸಾರಕ್ಕೆಂದು ಕೊಟ್ಟ ಮನೆಯು ಅವಳ ಕೈಯಲ್ಲಿ ಮರಾಯೆಯಾಗಲು ಹವಣಿಸುತ್ತದೆ. ಡಫ್ ಅವರು ಲೇಖನಗಳಲ್ಲಿ ಏನೇ ವಾದಿಸಲಿ, ಅವರ ಕಥೆಯು ಗ್ರೇಸ್ ಅವರ ಕಥೆಯ ಕಡೆಗೇ ನಡೆದುಬಂದಿದೆ.

ಬೆತ್‌ಳ ಮನೆಯನ್ನು ಅಧಿಕಾರಿಯೊಬ್ಬನು ನೋಡಿದರೆ ಏನೆಂದು ಬರೆದುಕೊಳ್ಳುವನು? ‘ಜನದಟ್ಟಣೆ’ ಎಂದು. ನ್ಯೂಜಿಲೆಂಡಿನ ಅಂಕಿಅಂಶಗಳ ಇಲಾಖೆಯು ದಟ್ಟಣೆಯನ್ನು ಅಳೆಯಲು ಬಳಸಿಕೊಂಡಿರುವುದು ಕೆನಡಾ ದೇಶದ ಒಂದು ಅಳತೆಗೋಲು. ಒಂದು ಮಲಗುವ ಕೋಣೆಗೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದು. 5 ವರ್ಷ ತುಂಬಿದ ಹುಡುಗ ಹುಡುಗಿಯರಿಗೆ ಬೇರೆ ಬೇರೆ ಕೋಣೆ ಬೇಕು. 18 ವರ್ಷ ತುಂಬಿದ ಒಂಟಿಗರಿಗೆ ತಮ್ಮದೇ ಕೋಣೆ ಬೇಕು. ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಒಂದೇ ಸಭಾಗೃಹದಲ್ಲಿ ಸಾಲಾಗಿ ಮಲಗಿ ರಾತ್ರಿ ಬಹುಹೊತ್ತು ಮಾತನಾಡುವುದನ್ನು ಬಾಂಧವ್ಯದ ಪರಮಾವಧಿಯೆಂದು ಭಾವಿಸುವವರಿಗೆ ಈ ಅಳತೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗೆಂದು ಅಳತೆಯನ್ನೇ ಹಾಸ್ಯಮಾಡಿ ಬಿಡುವುದು ಪಂಡಿತರ ವಿಲಾಸವಾದೀತು. ಹೃದಯವನ್ನು ಕೆಡಿಸುವ ಸಂಧಿವಾತಜ್ವರವು ಆ ದೇಶದಲ್ಲಿ ಹೆಚ್ಚಾಗಿ ಮಾವೋರಿ ಮತ್ತು ಪೆಸಿಫಿಕ್ ದ್ವೀಪಗಳ ಮಕ್ಕಳನ್ನೇ ಹಿಡಿಯುತ್ತದೆ. ಕಿಕ್ಕಿರಿದ ಮನೆಗೂ ಅದಕ್ಕೂ ಸಂಬಂಧವಿದೆ. ಥಂಡಿ ಗೋಡೆಯ ಮೂರು ಕೋಣೆಗಳಲ್ಲಿ ಹತ್ತು ಜನ ಮಲಗುವುದು ಸಂಸ್ಕೃತಿಯಲ್ಲ, ಸಂಕಟ. ಬಂಧುಗಳನ್ನು ಹೊರಗೆ ಹಾಕಬೇಕೆಂದು ಅಳತೆ ಹೇಳಿದರೆ, ಮನೆಯನ್ನು ದೊಡ್ಡದು ಮಾಡಬೇಕೆಂದು ಆಚಾರ ಹೇಳುತ್ತದೆ. ರೋಗದ ದೃಷ್ಟಿಯಿಂದ ಎರಡೂ ಒಂದೇ ಫಲವನ್ನು ಕೊಡಬಲ್ಲವು. ಮನುಷ್ಯರ ದೃಷ್ಟಿಯಿಂದ ಒಂದೇ ಅಲ್ಲ.

ಮನೆಯನ್ನು ದೊಡ್ಡದು ಮಾಡುವುದೆಂದರೆ ಹೇಗೆಂಬುದಕ್ಕೆ 2002ರಲ್ಲಿ ಸರ್ಕಾರಿ ವಸತಿ ನಿಗಮಕ್ಕಾಗಿ ಸಿದ್ಧವಾದ ‘ಕಿ ತೆ ಹೌ ಕಾಯಿಂಗ’ ಎಂಬ ಮಾರ್ಗದರ್ಶಿಯನ್ನು ನೋಡಬಹುದು. ಮಾವೋರಿ ವಾಸ್ತುಶಿಲ್ಪಿ ರೌ ಹೊಸ್ಕಿನ್ಸ್ ಮತ್ತು ಅವರ ಸಂಗಡಿಗರ ಕೃತಿ. ಬಂದ ಬಂಧುಗಳು ಮಲಗಲು ತೆರೆದು ಹಿಗ್ಗಿಸಬಹುದಾದ ನಡುಮನೆ. ಅಡಿಗೆಯ ಸ್ಥಳದಿಂದ ದೂರವಾದ ಪಾಯಿಖಾನೆ. ಮೈಬಟ್ಟೆಯನ್ನು ಒಗೆಯುವುದಕ್ಕೂ ಅಡಿಗೆಮನೆಯ ಬಟ್ಟೆಗೂ ಇರಬೇಕಾದ ಅಂತರ. ಮೃತರನ್ನು ಮನೆಯಲ್ಲಿರಿಸಿ ಕೆಲವು ದಿನ ಒಂಟಿಯಾಗಿ ಬಿಡದೆ ಕಾಯುವ ‘ತಂಗಿಹಂಗ’ ಎಂಬ ಅಂತ್ಯವಿಧಿಗೆ ಅವಕಾಶ. ಇವು ಅದರ ಮಾತುಗಳು. ಪೆಟ್ಟಿಗೆಯು ತಿರುಗಲಾಗದ ಇಕ್ಕಟ್ಟಿನ ಓಣಿಯನ್ನು ಒಂದು ಸಂಸಾರವು ತನ್ನ ತಾಯಿಯ ಮರಣದ ದಿನ ಮೊದಲ ಸಲ ಗಮನಿಸುತ್ತದೆ. ನಕ್ಷೆ ಬರೆದವನು ಅದನ್ನು ಎಂದೂ ಗಮನಿಸುವುದಿಲ್ಲ. ಬಾಗಿಲಿಗೆ ಮಾವೋರಿ ಸುರುಳಿಯ ಚಿತ್ತಾರ ಬಿಡಿಸಿ ಸಂಸ್ಕೃತಿಗೆ ಗೌರವ ತೋರಿಸಿದೆವೆಂದುಕೊಳ್ಳುವವರು ಈ ಮಾರ್ಗದರ್ಶಿಯನ್ನು ಓದಬೇಕು. ಇದರಲ್ಲಿ ಅಲಂಕಾರದ ಮಾತು ಕಡಿಮೆ, ವ್ಯಾಕರಣದ ಮಾತು ಹೆಚ್ಚು.

ಇಲ್ಲಿ ಕನ್ನಡದ ಬೋಧಕರಿಗೆ ಒಂದು ಎಚ್ಚರಿಕೆ ಅವಶ್ಯ. ಮಾವೋರಿಗಳ ‘ತಪು’, ‘ನೋಅ’ ಎಂಬ ಜೋಡಿಶಬ್ದಗಳನ್ನು ಮಡಿ, ಮೈಲಿಗೆ ಎಂದು ಭಾಷಾಂತರಿಸುವ ಆಸೆ ಸಹಜ. ಒಲೆ, ಬಟ್ಟೆ, ಸಾವು ಎಂಬ ಪ್ರಸಂಗಗಳೂ ಹೋಲುತ್ತವೆ. ಹೋಲಿಕೆಯು ಬಹುದೂರ ಬರುವುದಿಲ್ಲ. ಹಿರಿಯ ನಾಯಕರಿಗೆ ಹೆಚ್ಚಿನ ತಪು ಇದ್ದಿತೆಂಬುದು ನಿಜವಾದರೂ, ತಲೆಯು ಪ್ರತಿಯೊಬ್ಬನಿಗೂ ತಪುವೇ, ಊಟವು ಪ್ರತಿಯೊಬ್ಬನನ್ನೂ ನೋಅ ಸ್ಥಿತಿಗೆ ತರುತ್ತದೆ. ‘ನೋಅ’ ಎಂದರೆ ಹೊಲೆಯೂ ಅಲ್ಲ, ಕೀಳೂ ಅಲ್ಲ, ನಿರ್ಬಂಧವಿಲ್ಲದ ನಿತ್ಯಜೀವನ. ಹುಟ್ಟಿನಿಂದಲೇ ಕೆಲವರನ್ನು ಹೊರಗಿಡಲು ನಮ್ಮಲ್ಲಿ ಬಳಕೆಯಾದ ಶಬ್ದವನ್ನು, ಬಂದವರನ್ನೆಲ್ಲ ಒಳಕ್ಕೆ ಕರೆಯುವ ವಿಧಿಗೆ ಹಚ್ಚುವುದು ಅನ್ಯಾಯ. ಮೂಲಶಬ್ದವನ್ನೇ ಉಳಿಸಿಕೊಂಡು ವಿವರಿಸುವುದು ಮೇಲು. ಗ್ರೇಸ್ ಅವರು ಅರ್ಥಕೋಶ ಕೊಡದೆ ಬಿಟ್ಟದ್ದರ ವಿವೇಕವು ಇಲ್ಲಿ ಮತ್ತೊಮ್ಮೆ ಗೊತ್ತಾಗುತ್ತದೆ.

ಇಲಾಖೆಗಳು ಈಗ ಮಾವೋರಿ ಮಾತುಗಳನ್ನು ಧಾರಾಳವಾಗಿ ಬಳಸುತ್ತವೆ. 2019ರಲ್ಲಿ ರಚಿತವಾದ ಸರ್ಕಾರಿ ವಸತಿ ಸಂಸ್ಥೆಯ ಹೆಸರೇ ‘ಕಾಯಿಂಗ ಓರಾ’, ಕ್ಷೇಮವಾದ ಮನೆ ಎಂದು. 1840ರ ವೈತಾಂಗಿ ಒಡಂಬಡಿಕೆಯ ಉಲ್ಲಂಘನೆಗಳನ್ನು ವಿಚಾರಿಸುವ ವೈತಾಂಗಿ ನ್ಯಾಯಮಂಡಲಿಯು 2023ರಲ್ಲಿ ಪ್ರಕಟಿಸಿದ ವರದಿಯ ಹೆಸರು ‘ಕಾಯಿಂಗ ಕೋರೆ’, ಮನೆಯಿಲ್ಲದಿರುವಿಕೆ. ಎರಡು ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಸಾಕು, ಟೀಕೆ ಬೇಕಿಲ್ಲ. ನ್ಯಾಯಮಂಡಲಿಯು ಕಂಡುಹಿಡಿದ ದೋಷಗಳಲ್ಲಿ ಒಂದು ಸಾಹಿತ್ಯದವರಿಗೆ ವಿಶೇಷವಾಗಿ ಪರಿಚಿತವಾಗಬೇಕಾದುದು: 2009ರಲ್ಲಿ ‘ವಸತಿಹೀನತೆ’ ಎಂಬ ಶಬ್ದಕ್ಕೆ ಅಧಿಕೃತವಾದ ವ್ಯಾಖ್ಯೆಯನ್ನು ಮಾಡುವಾಗ ಸರ್ಕಾರವು ಮಾವೋರಿಗಳನ್ನು ತಕ್ಕಮಟ್ಟಿಗೆ ಕೇಳಲಿಲ್ಲ. ಛಾವಣಿಯಿದ್ದೂ ಕುಲದ ನೆಲದಿಂದ ದೂರವಾದವನು ವಸತಿಹೀನನೆ, ಅಲ್ಲವೆ? ವ್ಯಾಖ್ಯೆಯನ್ನು ಬರೆದವನು ಈ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ, ಆ ಮೇಲಿನ ಎಣಿಕೆಗಳೆಲ್ಲವೂ ಅವನ ಮನೆಯ ಎಣಿಕೆಗಳೇ. ನೌಕರರಿಗೆ ವಿನಯವನ್ನು ಕಲಿಸುವುದರಿಂದಲೂ, ಅರ್ಜಿಯ ನಮೂನೆಯ ಮೇಲೆ ‘ಕಿಯಾ ಓರಾ’ ಎಂದು ಮುದ್ರಿಸುವುದರಿಂದಲೂ ಈ ಕೊರತೆ ತುಂಬುವುದಿಲ್ಲ. ಅರ್ಥಮಾಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿಯ ವಿಷಯ.

ಆ ಅಧಿಕಾರವು ಕೈಬದಲಾಯಿಸಿದ ಎರಡು ಸಂದರ್ಭಗಳು 2016ರಲ್ಲಿಯೇ ಆಕ್ಲೆಂಡಿನಲ್ಲಿ ದೊರೆಯುತ್ತವೆ. ಆ ವರ್ಷ ಚಳಿ ಹತ್ತಿರವಾಗುತ್ತಿದ್ದಾಗ ಮಾಂಗೆರೆಯ ತೆ ಪುಯಾ ಮರಾಯೆಯವರು, ಕಾರುಗಳಲ್ಲಿ ಮಲಗುತ್ತಿದ್ದ ಸಂಸಾರಗಳಿಗೆ ತಮ್ಮ ಬಾಗಿಲನ್ನು ತೆರೆದರು. ಕಚೇರಿಯಲ್ಲಿ ಅರ್ಜಿದಾರರಾಗಿದ್ದವರು ಇಲ್ಲಿ ಅತಿಥಿಗಳಾದರು. ಬೆತ್ ಒಬ್ಬಳೇ ಬಾಡಿಗೆಯ ಮನೆಯಲ್ಲಿ ಮಾಡಲು ಹವಣಿಸಿದ್ದನ್ನು ಇಲ್ಲಿ ಒಂದು ಸಮುದಾಯವೇ ತನ್ನ ಸ್ವಂತ ಮನೆಯಲ್ಲಿ ಮಾಡಿತು.

ಇನ್ನೊಂದು ಓರಾಕೈಯದು. ಅಲ್ಲಿನವರು 1977–78ರಲ್ಲಿ 506 ದಿನ ತಮ್ಮ ನೆಲದ ಮೇಲೆ ಕುಳಿತು ಪೊಲೀಸರಿಂದ ಎಬ್ಬಿಸಲ್ಪಟ್ಟರು. 1987ರಲ್ಲಿ ನ್ಯಾಯಮಂಡಲಿಯು ಅವರ ಪರವಾಗಿ ವರದಿ ಮಾಡಿತು. 1991ರ ಶಾಸನದಿಂದ ನೆಲದ ಒಂದು ಭಾಗ ಹಿಂದಿರುಗಿತು. ಕುಲದವರೇ ಮುಂದೆ ನಿಂತು ಆ ಗುಡ್ಡದ ಮೇಲೆ ಕಟ್ಟಿಸಿದ 30 ಮನೆಗಳ ‘ಕಾಯಿಂಗ ತುವಾತಹಿ’, ಅಂದರೆ ಮೊದಲನೆಯ ಊರು, 2016ರಲ್ಲಿ ಪೂರ್ಣವಾಯಿತು. ಮನೆಗಳಲ್ಲಿ ಇರುವವರು ಕುಲದ ಸಂಸಾರಗಳು. ನೆಲವು ಕುಲದ್ದಾಗಿಯೇ ಉಳಿದಿದೆ. ಮನೆಗಳ ನಡುವೆ ಎಲ್ಲರಿಗೂ ಸೇರಿದ ಅಂಗಳವಿದೆ. ಕೆಳಗೆ ಕೊಲ್ಲಿಯ ದಡದಲ್ಲಿ, 1952ರಲ್ಲಿ ಬೆಂಕಿಗೆ ಸಿಕ್ಕದೆ ಉಳಿದ ಪ್ರಾರ್ಥನಾಮಂದಿರವೂ ರುದ್ರಭೂಮಿಯೂ ಹಾಗೆಯೇ ಇವೆ.